ಸ್ಪರ್ಧಾತ್ಮಕ ಚಿಯರ್‌ಲೀಡಿಂಗ್: ಕೌಶಲ್ಯದ ಮಟ್ಟಗಳು ಮತ್ತು ವಯೋವಿಭಾಗಗಳು – ಪೋಷಕರ ಮಾಹಿತಿಗಾಗಿ

ಉದ್ಯೋಗ, ಉನ್ನತ ವ್ಯಾಸಂಗ ಮುಂತಾದ ಕಾರಣಗಳಿಂದ ಕುಟುಂಬ ಸಮೇತರಾಗಿ ಅಮೆರಿಕ ಸಂಯುಕ್ತ ಸಂಸ್ಥಾನಕ್ಕೆ ತೆರಳುವ ಕನ್ನಡಿಗರ ಮಕ್ಕಳು ಅಲ್ಲಿನ ಶಾಲೆಗಳಲ್ಲಿಯೂ ಖಾಸಗಿ ತರಬೇತಿ ಕೇಂದ್ರಗಳಲ್ಲಿಯೂ ಚಿಯರ್‌ಲೀಡಿಂಗ್ ತಂಡಗಳಿಗೆ ಸೇರಲು ಆಸಕ್ತಿ ತೋರಿಸುವುದುಂಟು. ಪ್ರವೇಶದ ಅರ್ಜಿಯಲ್ಲಿ "ಯೂತ್, ಮಟ್ಟ 2", "ಜೂನಿಯರ್, ಮಟ್ಟ 3", "ಪ್ರೆಪ್", "ಎಲೀಟ್" ಎಂಬಂಥ ಪದಗಳಿರುತ್ತವೆ. ಇವುಗಳ ಅರ್ಥವನ್ನು ತಿಳಿಯದೆ ಸಹಿ ಮಾಡುವ ಪೋಷಕರು ನಂತರ ತೊಂದರೆಗೆ ಒಳಗಾಗದಿರಲಿ ಎಂಬ ಉದ್ದೇಶದಿಂದ ಈ ಮಾಹಿತಿಯನ್ನು ಪ್ರಕಟಿಸಲಾಗಿದೆ.

ಚಿಯರ್‌ಲೀಡಿಂಗ್ ಎಂದರೇನು?

ನಮ್ಮ ರಾಜ್ಯದಲ್ಲಿ ಬಹುತೇಕ ಜನರು ಈ ಪದವನ್ನು ಮೊದಲು ಕೇಳಿದ್ದು 2008ರಲ್ಲಿ. ಆ ವರ್ಷದ ಏಪ್ರಿಲ್ 18ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಇಂಡಿಯನ್ ಪ್ರೀಮಿಯರ್ ಲೀಗ್‌ನ ಪ್ರಥಮ ಪಂದ್ಯ ನಡೆದಾಗ ಅಮೆರಿಕದಿಂದ ಬಂದಿದ್ದ ನರ್ತಕಿಯರ ತಂಡವು ಬೌಂಡರಿ ಗೆರೆಯ ಆಚೆ ಪ್ರದರ್ಶನ ನೀಡಿತ್ತು. ಅಂದಿನಿಂದ ಚಿಯರ್‌ಲೀಡಿಂಗ್ ಎಂದರೆ ಪಂದ್ಯದ ನಡುವಿನ ನೃತ್ಯ ಎಂಬ ಭಾವನೆ ಬೇರೂರಿದೆ. ಈ ಪುಟದಲ್ಲಿ ವಿವರಿಸಲಾಗುತ್ತಿರುವುದು ಅದಲ್ಲ. ಸ್ಪರ್ಧಾತ್ಮಕ ಚಿಯರ್‌ಲೀಡಿಂಗ್ ಎಂಬುದು ಜಿಮ್ನಾಸ್ಟಿಕ್ಸ್‌ಗೆ ಹತ್ತಿರವಾದ ತಂಡ ಕ್ರೀಡೆ. ಸುಮಾರು 54 ಅಡಿ ಉದ್ದ, 42 ಅಡಿ ಅಗಲದ ಮ್ಯಾಟ್‌ನ ಮೇಲೆ, ಎರಡೂವರೆ ನಿಮಿಷಗಳ ಅವಧಿಯೊಳಗೆ, ಸಂಗೀತಕ್ಕೆ ಹೊಂದಿಕೊಂಡು ಲಾಗ ಹಾಕುವುದು, ಜಿಗಿಯುವುದು, ಸಹಸ್ಪರ್ಧಿಯನ್ನು ಮೇಲೆತ್ತಿ ನಿಲ್ಲಿಸುವುದು, ಗಾಳಿಗೆ ಎಸೆದು ಹಿಡಿಯುವುದು, ಹಲವರು ಸೇರಿ ಮಾನವ ಗೋಪುರ ಕಟ್ಟುವುದು ಇದರ ಅಂಗಗಳು. ನೃತ್ಯವೂ ಇರುತ್ತದೆ, ಆದರೆ ಅದು ಒಂದು ಸಣ್ಣ ಭಾಗ ಮಾತ್ರ.

ಈ ಕಲೆಯ ಆರಂಭವನ್ನು 1898ರ ನವೆಂಬರ್ 2ಕ್ಕೆ ಗುರುತಿಸಲಾಗುತ್ತದೆ. ಅಂದು ಮಿನ್ನೆಸೋಟ ವಿಶ್ವವಿದ್ಯಾಲಯದ ಫುಟ್‌ಬಾಲ್ ಪಂದ್ಯದಲ್ಲಿ ಜಾನಿ ಕ್ಯಾಂಪ್‌ಬೆಲ್ ಎಂಬ ವಿದ್ಯಾರ್ಥಿಯು ಪ್ರೇಕ್ಷಕರ ಮುಂದೆ ನಿಂತು ಘೋಷಣೆಯನ್ನು ಮುನ್ನಡೆಸಿದನು. ಅಂದರೆ ಪ್ರಥಮ ಚಿಯರ್‌ಲೀಡರ್ ಪುರುಷನೇ ಆಗಿದ್ದನು; ಇದನ್ನು ಕೇಳಿ ಆಶ್ಚರ್ಯಪಡುವವರೇ ಹೆಚ್ಚು. 1948ರಲ್ಲಿ ಲಾರೆನ್ಸ್ ಹರ್ಕಿಮರ್ ಅವರು ನ್ಯಾಷನಲ್ ಚಿಯರ್‌ಲೀಡರ್ಸ್ ಅಸೋಸಿಯೇಷನ್ ಸ್ಥಾಪಿಸಿದರು. ನಂತರದ ದಶಕಗಳಲ್ಲಿ ಶಾಲೆಗಳಿಗೆ ಸಂಬಂಧವಿಲ್ಲದ, ಕೇವಲ ಸ್ಪರ್ಧೆಗಾಗಿಯೇ ಇರುವ ತಂಡಗಳು ಹುಟ್ಟಿಕೊಂಡವು. ಇವುಗಳನ್ನು "ಆಲ್ ಸ್ಟಾರ್" ತಂಡಗಳೆಂದು ಕರೆಯಲಾಗುತ್ತದೆ. 2021ರ ಜುಲೈನಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯು ಇಂಟರ್‌ನ್ಯಾಷನಲ್ ಚಿಯರ್ ಯೂನಿಯನ್‌ಗೆ ಪೂರ್ಣ ಮಾನ್ಯತೆಯನ್ನು ನೀಡಿತು. ಮಾನ್ಯತೆ ದೊರೆಯುವುದು ಬೇರೆ, ಒಲಿಂಪಿಕ್ ಕ್ರೀಡಾಕೂಟದಲ್ಲಿ ಸೇರ್ಪಡೆಯಾಗುವುದು ಬೇರೆ ಎಂಬುದನ್ನು ಓದುಗರು ಗಮನಿಸಬೇಕು.

ಮಟ್ಟಗಳ ಅವಶ್ಯಕತೆ ಏಕೆ ಉಂಟಾಯಿತು?

2003ರಲ್ಲಿ ಯುನೈಟೆಡ್ ಸ್ಟೇಟ್ಸ್ ಆಲ್ ಸ್ಟಾರ್ ಫೆಡರೇಷನ್ ಸ್ಥಾಪನೆಯಾಗುವ ಮೊದಲು ಸ್ಪರ್ಧೆಗಳನ್ನು ಏರ್ಪಡಿಸುವ ಪ್ರತಿಯೊಂದು ಸಂಸ್ಥೆಯೂ ತನ್ನದೇ ಆದ ನಿಯಮಗಳನ್ನು ಇಟ್ಟುಕೊಂಡಿತ್ತು. ಒಂದು ಊರಿನಲ್ಲಿ ಅನುಮತಿ ಇದ್ದ ಸಾಹಸವು ಮತ್ತೊಂದು ಊರಿನಲ್ಲಿ ನಿಷಿದ್ಧವಾಗಿರುತ್ತಿತ್ತು. ಫೆಡರೇಷನ್ ವಯಸ್ಸಿನ ಒಂದೇ ಪಟ್ಟಿಯನ್ನೂ ಕೌಶಲ್ಯದ ಒಂದೇ ಏಣಿಯನ್ನೂ ಜಾರಿಗೆ ತಂದಿತು.

ಏಣಿಯ ಹಿಂದಿರುವ ಕಾರಣ ಅಪಾಯ. ಅಮೆರಿಕದಲ್ಲಿ ಕ್ರೀಡೆಗಳಲ್ಲಿ ಸಂಭವಿಸುವ ಅತಿ ಗಂಭೀರ ಗಾಯಗಳನ್ನು, ಅಂದರೆ ತಲೆ, ಕುತ್ತಿಗೆ, ಬೆನ್ನುಹುರಿಗೆ ಆಗುವ ಪೆಟ್ಟುಗಳನ್ನು ದಾಖಲಿಸುವ ರಾಷ್ಟ್ರೀಯ ಕೇಂದ್ರವೊಂದು ನಾರ್ತ್ ಕ್ಯಾರೋಲಿನಾದಲ್ಲಿದೆ. 1982ರಿಂದ ಸುಮಾರು ಮೂರು ದಶಕಗಳ ಅವಧಿಯಲ್ಲಿ ಹೆಣ್ಣುಮಕ್ಕಳಿಗೆ ಕ್ರೀಡೆಯಲ್ಲಿ ಆದ ಇಂತಹ ಗಾಯಗಳ ಪೈಕಿ ಅರ್ಧಕ್ಕಿಂತಲೂ ಹೆಚ್ಚು ಚಿಯರ್‌ಲೀಡಿಂಗ್‌ನಿಂದಲೇ ಆದವೆಂದು ಅದರ ದಾಖಲೆಗಳು ತೋರಿಸಿದವು. ಸಾಮಾನ್ಯ ಗಾಯಗಳ ಪ್ರಮಾಣ ಇತರ ಅನೇಕ ಕ್ರೀಡೆಗಳಿಗಿಂತ ಕಡಿಮೆಯೇ. ಆದರೆ ಬಿದ್ದಾಗ ಎತ್ತರದಿಂದ ಬೀಳುವುದರಿಂದ ಪರಿಣಾಮ ತೀವ್ರವಾಗಿರುತ್ತದೆ. 2006ರ ಮಾರ್ಚ್ ತಿಂಗಳಲ್ಲಿ ಸೇಂಟ್ ಲೂಯಿಸ್ ನಗರದ ಬ್ಯಾಸ್ಕೆಟ್‌ಬಾಲ್ ಪಂದ್ಯವೊಂದರಲ್ಲಿ ಗೋಪುರದ ಮೇಲಿನಿಂದ ಸುಮಾರು 15 ಅಡಿ ಕೆಳಕ್ಕೆ ಬಿದ್ದ ಕಾಲೇಜು ವಿದ್ಯಾರ್ಥಿನಿಯ ಕುತ್ತಿಗೆಯ ಮೂಳೆಗೆ ಪೆಟ್ಟಾಯಿತು. ಸ್ಟ್ರೆಚರ್ ಮೇಲೆ ಹೊರಗೆ ಒಯ್ಯುವಾಗಲೂ ಆಕೆ ತನ್ನ ತಂಡದ ಹಾಡಿಗೆ ಕೈ ಆಡಿಸುತ್ತಿದ್ದ ದೃಶ್ಯವನ್ನು ದೂರದರ್ಶನದಲ್ಲಿ ಕಂಡು ಬಹಳ ಜನ ಮೆಚ್ಚಿದರು. ಮೆಚ್ಚುಗೆಗಿಂತ ಮುಖ್ಯವಾದುದು ನಂತರ ಆದ ಕ್ರಮ: ಮ್ಯಾಟ್ ಇಲ್ಲದ ಗಟ್ಟಿ ನೆಲದ ಮೇಲೆ ಸಹಸ್ಪರ್ಧಿಯನ್ನು ಎಸೆಯುವ "ಬ್ಯಾಸ್ಕೆಟ್ ಟಾಸ್" ಮೇಲೆ ಅದೇ ವರ್ಷ ನಿರ್ಬಂಧ ಹೇರಲಾಯಿತು. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯು 2012ರಲ್ಲಿ ಹೊರಡಿಸಿದ ಹೇಳಿಕೆಯಲ್ಲಿ, ಚಿಯರ್‌ಲೀಡಿಂಗನ್ನು ಕ್ರೀಡೆಯೆಂದೇ ಪರಿಗಣಿಸಿ ಇತರ ಕ್ರೀಡಾಪಟುಗಳಿಗೆ ದೊರೆಯುವ ತರಬೇತುದಾರರು, ವೈದ್ಯಕೀಯ ಸೌಲಭ್ಯ ಮುಂತಾದವುಗಳನ್ನು ಈ ಮಕ್ಕಳಿಗೂ ಒದಗಿಸಬೇಕೆಂದು ಶಿಫಾರಸು ಮಾಡಿತು.

ಆದಕಾರಣ ಮಟ್ಟ ಎಂಬುದನ್ನು ನಮ್ಮ ಶಾಲೆಯ ತರಗತಿಯಂತೆ ಭಾವಿಸಬಾರದು. ಮೂರನೆಯ ತರಗತಿಯ ಮಗು ಮುಂದಿನ ವರ್ಷ ನಾಲ್ಕನೆಯ ತರಗತಿಗೆ ಹೋಗುವಂತೆ ಇಲ್ಲಿ ಪ್ರತಿ ವರ್ಷ ಬಡ್ತಿ ಇರುವುದಿಲ್ಲ. ಒಂದು ತಂಡವು ಮ್ಯಾಟ್ ಮೇಲೆ ಗರಿಷ್ಠ ಏನನ್ನು ಮಾಡಬಹುದು, ಏನನ್ನು ಮಾಡಬಾರದು ಎಂಬುದರ ಗಡಿರೇಖೆಯೇ ಮಟ್ಟ.

ಮಟ್ಟ 1ರಿಂದ ಮಟ್ಟ 7ರವರೆಗೆ

ಆಲ್ ಸ್ಟಾರ್ ಸ್ಪರ್ಧೆಗಳಲ್ಲಿ ಏಳು ಮಟ್ಟಗಳಿವೆ. ಹಳೆಯ ಬರಹಗಳಲ್ಲಿ ಆರು ಮಟ್ಟಗಳೆಂದು ಓದಿದವರು ಗೊಂದಲಕ್ಕೆ ಒಳಗಾಗಬೇಕಾಗಿಲ್ಲ; 2019–20ರ ಋತುವಿನಲ್ಲಿ, ಹಿಂದೆ "ನಿರ್ಬಂಧಿತ 5" ಎನಿಸಿದ್ದುದು ಮಟ್ಟ 5 ಆಗಿ, ಹಳೆಯ 5 ಮತ್ತು 6 ಕ್ರಮವಾಗಿ 6 ಮತ್ತು 7 ಆದವು.

ಮಟ್ಟಗಳನ್ನು ಅರಿಯಲು ಎರಡು ವಿಷಯಗಳನ್ನು ನೋಡಿದರೆ ಸಾಕು. ಮೊದಲನೆಯದು ನೆಲದ ಮೇಲಿನ ಲಾಗಗಳು, ಎರಡನೆಯದು ಮೇಲೆತ್ತುವಿಕೆ. ಮೇಲೆತ್ತುವಿಕೆಯಲ್ಲಿ ಕೆಳಗೆ ನಿಂತು ಭಾರ ಹೊರುವವರನ್ನು "ಬೇಸ್" ಎಂದೂ, ಮೇಲೆ ನಿಲ್ಲುವವರನ್ನು "ಫ್ಲೈಯರ್" ಎಂದೂ, ಹಿಂದೆ ನಿಂತು ತಲೆ ಮತ್ತು ಕುತ್ತಿಗೆಯನ್ನು ಕಾಯುವವರನ್ನು "ಬ್ಯಾಕ್ ಸ್ಪಾಟ್" ಎಂದೂ ಕರೆಯುತ್ತಾರೆ. ಪ್ರೇಕ್ಷಕರ ದೃಷ್ಟಿ ಫ್ಲೈಯರ್ ಮೇಲಿರುತ್ತದೆ. ಅಪಾಯವನ್ನು ತಪ್ಪಿಸುವವರು ಹಿಂದೆ ನಿಂತವರು.

ಮಟ್ಟ 1ರಲ್ಲಿ ಮುಂದಕ್ಕೆ, ಹಿಂದಕ್ಕೆ ಉರುಳುವುದು, ಕೈಯೂರಿ ಚಕ್ರದಂತೆ ಪಕ್ಕಕ್ಕೆ ಹೊರಳುವುದು, ಬೆನ್ನು ಬಾಗಿಸಿ ಕೈಕಾಲುಗಳನ್ನು ಒಂದೊಂದಾಗಿ ದಾಟಿಸುವುದು ಇಷ್ಟಕ್ಕೆ ಅವಕಾಶ. ಕೈ ಮತ್ತು ಕಾಲು ಎರಡೂ ಏಕಕಾಲಕ್ಕೆ ನೆಲ ಬಿಡುವ ಲಾಗಗಳಿಗೆ ಅವಕಾಶವಿಲ್ಲ. ಫ್ಲೈಯರ್ ಎರಡು ಕಾಲುಗಳ ಮೇಲೆ ಬೇಸ್‌ಗಳ ಭುಜದ ಎತ್ತರದವರೆಗೆ ನಿಲ್ಲಬಹುದು. ಒಂಟಿಕಾಲಿನಲ್ಲಿ ನಿಲ್ಲುವುದಾದರೆ ಸೊಂಟದ ಎತ್ತರ ಮಾತ್ರ. ಎಸೆಯುವಂತಿಲ್ಲ.

ಮಟ್ಟ 2ರಲ್ಲಿ ಹಿಮ್ಮುಖವಾಗಿ ಜಿಗಿದು ಕೈಯೂರಿ ಮತ್ತೆ ಕಾಲಿನ ಮೇಲೆ ನಿಲ್ಲುವ "ಬ್ಯಾಕ್ ಹ್ಯಾಂಡ್‌ಸ್ಪ್ರಿಂಗ್" ಆರಂಭವಾಗುತ್ತದೆ. ಅನೇಕ ಮಕ್ಕಳು ತಿಂಗಳುಗಟ್ಟಲೆ ನಿಲ್ಲುವುದು ಇಲ್ಲಿಯೇ. ಹಿಂದಕ್ಕೆ, ಕಾಣದ ಕಡೆಗೆ ಜಿಗಿಯುವ ಭಯವನ್ನು ಗೆಲ್ಲಲು ಕೆಲವರಿಗೆ ಒಂದು ವರ್ಷವೂ ಬೇಕಾಗಬಹುದು, ಇದು ದೋಷವಲ್ಲ. ಇದೇ ಮಟ್ಟದಲ್ಲಿ ಫ್ಲೈಯರ್ ಎರಡು ಕಾಲುಗಳ ಮೇಲೆ, ಬೇಸ್‌ಗಳು ಕೈಗಳನ್ನು ಪೂರ್ಣವಾಗಿ ಮೇಲಕ್ಕೆ ಚಾಚಿದ ಎತ್ತರದಲ್ಲಿ ನಿಲ್ಲಬಹುದು. ಒಂಟಿಕಾಲಿನಲ್ಲಿ ಅದೇ ಎತ್ತರವನ್ನು ತಲುಪುವುದು ಮಟ್ಟ 3ರಲ್ಲಿ. ಓಡಿ ಬಂದು ಕೈಯೂರದೆ ಗಾಳಿಯಲ್ಲಿಯೇ ಮುದುರಿಕೊಂಡು ಲಾಗ ಹಾಕುವುದಕ್ಕೂ ಮಟ್ಟ 3ರಿಂದ ಅನುಮತಿ ಇದೆ.

ಮುಂದಿನವುಗಳನ್ನು ಸಂಕ್ಷಿಪ್ತವಾಗಿ ಹೇಳುವುದಾದರೆ, ಮಟ್ಟ 4ರಲ್ಲಿ ನಿಂತಲ್ಲಿಂದಲೇ ಹಿಮ್ಮುಖ ಲಾಗ ಮತ್ತು ಶರೀರವನ್ನು ನೀಳವಾಗಿಟ್ಟು ಹಾಕುವ ಲಾಗ, ಮಟ್ಟ 5ರಲ್ಲಿ ಲಾಗದೊಳಗೆ ಒಂದು ಪೂರ್ಣ ಸುತ್ತು, ಮಟ್ಟ 6ರಲ್ಲಿ ಎರಡು ಸುತ್ತುಗಳು ಬರುತ್ತವೆ. ಮಟ್ಟ 7 ವಯಸ್ಕರ ತಂಡಗಳಿಗೆ ಮೀಸಲಾದದ್ದು. ಎಸೆಯಲ್ಪಟ್ಟ ಸ್ಪರ್ಧಿ ಗಾಳಿಯಲ್ಲಿ ಲಾಗ ಹಾಕುವುದು, ಇಬ್ಬರಿಗಿಂತಲೂ ಎತ್ತರದ ಗೋಪುರ ಕಟ್ಟುವುದು ಈ ಮಟ್ಟದಲ್ಲಿ ಕಾಣಸಿಗುತ್ತದೆ. ದೂರದರ್ಶನದಲ್ಲಿ ಇದನ್ನು ಕಂಡು ಎಂಟು ವರ್ಷದ ಮಗುವಿನಿಂದ ಅದನ್ನು ನಿರೀಕ್ಷಿಸುವುದು ಸಲ್ಲದು.

ಇವಲ್ಲದೆ "ನಾವಿಸ್", "ಪ್ರೆಪ್", "ಎಲೀಟ್" ಎಂಬ ಪದಗಳು ಬಳಕೆಯಲ್ಲಿವೆ. ಇವು ಮಟ್ಟಗಳಲ್ಲ, ತರಬೇತಿಯ ಅವಧಿ, ಪ್ರಯಾಣ ಮತ್ತು ವೆಚ್ಚದ ಪ್ರಮಾಣವನ್ನು ಸೂಚಿಸುವ ಶ್ರೇಣಿಗಳು. ನಾವಿಸ್ ಎಂಬುದು ಹೊಸಬರಿಗೆ, ಪ್ರೆಪ್ ಎಂಬುದು ಕಡಿಮೆ ಸಮಯ ನೀಡಬಲ್ಲವರಿಗೆ, ಎಲೀಟ್ ಎಂಬುದು ಪೂರ್ಣ ಋತುವಿನ ಸ್ಪರ್ಧಿಗಳಿಗೆ. ಎಲೀಟ್ ಮಟ್ಟ 1 ಎಂಬ ತಂಡ ಇರಬಹುದು, ಅದರಲ್ಲಿ ವಿರೋಧಾಭಾಸವೇನೂ ಇಲ್ಲ. ಆದರೆ ಇಂಟರ್‌ನ್ಯಾಷನಲ್ ಚಿಯರ್ ಯೂನಿಯನ್ ನಡೆಸುವ, ದೇಶಗಳ ತಂಡಗಳು ಭಾಗವಹಿಸುವ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ "ಎಲೀಟ್", "ಪ್ರೀಮಿಯರ್" ಎಂಬವು ಮೇಲ್ಮಟ್ಟಗಳ ಹೆಸರುಗಳೇ ಆಗಿವೆ. ಒಂದೇ ಪದ ಎರಡು ಕಡೆ ಎರಡು ಅರ್ಥ ಕೊಡುವುದರಿಂದ ಯಾವ ಸಂಸ್ಥೆಯ ಪತ್ರವೆಂಬುದನ್ನು ನೋಡಿ ಓದತಕ್ಕದ್ದು.

ವಯೋವಿಭಾಗಗಳು

ಅತಿ ಕಿರಿಯರ ವಿಭಾಗಕ್ಕೆ "ಟೈನಿ" ಎಂದು ಹೆಸರು. ಸುಮಾರು ಐದು-ಆರು ವರ್ಷದ ಮಕ್ಕಳು ಇದರಲ್ಲಿರುತ್ತಾರೆ. ಅದರ ಮೇಲೆ ಕ್ರಮವಾಗಿ "ಮಿನಿ", "ಯೂತ್", "ಜೂನಿಯರ್", "ಸೀನಿಯರ್" ಮತ್ತು ವಯಸ್ಕರನ್ನು ಒಳಗೊಳ್ಳುವ "ಓಪನ್" ವಿಭಾಗಗಳಿವೆ. ಸ್ಥೂಲವಾಗಿ ಹೇಳುವುದಾದರೆ ಮಿನಿ ಎಂದರೆ ಎಂಟು-ಒಂಬತ್ತು ವರ್ಷದವರೆಗೆ, ಯೂತ್ ಎಂದರೆ ಹನ್ನೊಂದು-ಹನ್ನೆರಡರವರೆಗೆ, ಜೂನಿಯರ್ ಎಂದರೆ ಹದಿನಾಲ್ಕು-ಹದಿನೈದರವರೆಗೆ, ಸೀನಿಯರ್ ಎಂದರೆ ಹದಿನೆಂಟು-ಹತ್ತೊಂಬತ್ತರವರೆಗೆ. ನಿಖರವಾದ ಪಟ್ಟಿಯನ್ನು ಪ್ರತಿ ಋತುವಿಗೂ ಹೊಸದಾಗಿ ಪ್ರಕಟಿಸಲಾಗುವುದರಿಂದ ಹಿಂದಿನ ವರ್ಷದ ಪಟ್ಟಿಯನ್ನು ಆಧಾರವಾಗಿ ಇಟ್ಟುಕೊಳ್ಳಬಾರದು.

ಇಲ್ಲಿ ಪೋಷಕರು ಮುಖ್ಯವಾಗಿ ಗಮನಿಸಬೇಕಾದ ಅಂಶವೆಂದರೆ, ಈ ಪಟ್ಟಿಯಲ್ಲಿ ವಯಸ್ಸಿನ ಬದಲು ಹುಟ್ಟಿದ ವರ್ಷವನ್ನು ನಮೂದಿಸಲಾಗಿರುತ್ತದೆ. ಹಿಂದೆ ಆಗಸ್ಟ್ 31ಕ್ಕೆ ಮಗುವಿಗೆ ಎಷ್ಟು ವಯಸ್ಸು ಎಂಬುದನ್ನು ಪರಿಗಣಿಸಲಾಗುತ್ತಿತ್ತು. ಈಗಿನ ಕ್ರಮದಲ್ಲಿ ಡಿಸೆಂಬರ್ 31ರಂದು ಜನಿಸಿದ ಮಗುವೂ ಜನವರಿ 1ರಂದು ಜನಿಸಿದ ಮಗುವೂ ಒಂದೇ ದಿನದ ಅಂತರವಿದ್ದರೂ ಬೇರೆ ಬೇರೆ ವಿಭಾಗಗಳಿಗೆ ಸೇರಬಹುದು. ಗೆರೆ ಎಲ್ಲಾದರೂ ಎಳೆಯಲೇಬೇಕಲ್ಲವೇ!

ವಿಭಾಗಗಳು ಒಂದರ ಮೇಲೊಂದು ಹಬ್ಬಿಕೊಂಡಿರುತ್ತವೆ. ನಮ್ಮ ಶಾಲಾ ಕ್ರೀಡಾಕೂಟಗಳಲ್ಲಿ 14 ವರ್ಷದೊಳಗಿನವರು, 17 ವರ್ಷದೊಳಗಿನವರು ಎಂದು ಮೇಲಿನ ಮಿತಿಯನ್ನು ಮಾತ್ರ ಹೇಳುವುದನ್ನು ಎಲ್ಲರೂ ಬಲ್ಲರು. ಇಲ್ಲಿ ಕೆಳಗಿನ ಮಿತಿಯೂ ಇದೆ, ಆದರೂ ಅದು ಸಾಕಷ್ಟು ಸಡಿಲ. ಹನ್ನೆರಡು ವರ್ಷದ ಹುಡುಗಿಯೊಬ್ಬಳು ಜನ್ಮವರ್ಷಕ್ಕೆ ಅನುಗುಣವಾಗಿ ಯೂತ್, ಜೂನಿಯರ್, ಸೀನಿಯರ್ ಈ ಮೂರರಲ್ಲಿ ಒಂದಕ್ಕಿಂತ ಹೆಚ್ಚು ವಿಭಾಗಗಳಿಗೆ ಅರ್ಹಳಾಗಿರಬಹುದು. ಹಗುರವಾದ ಮಗುವನ್ನು ಮೇಲೆತ್ತುವುದು ಸುಲಭವಾದ್ದರಿಂದ ಹಿರಿಯರ ತಂಡಗಳು ಕಿರಿಯ ಫ್ಲೈಯರ್‌ಗಳನ್ನು ಬಯಸುವುದುಂಟು. ನಿಯಮದಲ್ಲಿ ಅವಕಾಶವಿದೆ ಎಂದ ಮಾತ್ರಕ್ಕೆ ಒಪ್ಪಿಕೊಳ್ಳಬೇಕಾಗಿಲ್ಲ. ಹದಿನೆಂಟರ ಹರೆಯದವರ ನಡುವೆ ಹನ್ನೆರಡರ ಮಗು ವಾರಕ್ಕೆ ಹಲವು ಸಂಜೆಗಳನ್ನು ಕಳೆಯುವುದು, ಅವರೊಡನೆ ಊರಿಂದೂರಿಗೆ ಪ್ರಯಾಣ ಮಾಡುವುದು ಸೂಕ್ತವೇ ಎಂಬುದನ್ನು ಪೋಷಕರೇ ನಿರ್ಧರಿಸಬೇಕು. ಅಭ್ಯಾಸವನ್ನು ಕುಳಿತು ನೋಡಲು ಪೋಷಕರಿಗೆ ಅವಕಾಶವಿದೆಯೇ, ಪ್ರಯಾಣದಲ್ಲಿ ಜೊತೆಗಿರುವ ವಯಸ್ಕರ ಪೂರ್ವಾಪರವನ್ನು ಪರಿಶೀಲಿಸಲಾಗಿದೆಯೇ ಎಂದು ಕೇಳುವುದು ಅವಿಶ್ವಾಸವಲ್ಲ, ಹಕ್ಕು. ಕ್ರೀಡೆಯಲ್ಲಿರುವ ಅಪ್ರಾಪ್ತ ವಯಸ್ಕರ ರಕ್ಷಣೆಗಾಗಿ ಅಮೆರಿಕದಲ್ಲಿ 2018ರ ಫೆಬ್ರವರಿಯಲ್ಲಿ ಪ್ರತ್ಯೇಕ ಕಾನೂನೇ ಜಾರಿಗೆ ಬಂದಿದೆ.

ಮಟ್ಟವು ಮಗುವಿನದಲ್ಲ, ತಂಡದ್ದು

ಪೋಷಕರ ಅಸಮಾಧಾನಕ್ಕೆ ಬಹುತೇಕ ಇದೇ ಕಾರಣ. ಉದಾಹರಣೆಗೆ, ಹತ್ತು ವರ್ಷದ ಮಗುವೊಂದು ಮನೆಯ ಅಂಗಳದಲ್ಲಿ ಗಾಳಿಯಲ್ಲಿ ಲಾಗ ಹಾಕಬಲ್ಲದು ಎಂದಿಟ್ಟುಕೊಳ್ಳೋಣ. ಇದು ಮಟ್ಟ 3ರ ಕೌಶಲ್ಯ. ಆಯ್ಕೆ ಪ್ರಕ್ರಿಯೆಯ ನಂತರ ಆ ಮಗುವನ್ನು ಯೂತ್ ಮಟ್ಟ 2ರ ತಂಡಕ್ಕೆ ಸೇರಿಸಿದರೆ ತಂದೆತಾಯಿಯರು ಅನ್ಯಾಯವಾಯಿತೆಂದು ಭಾವಿಸುತ್ತಾರೆ.

ವಾಸ್ತವದಲ್ಲಿ ತೀರ್ಪುಗಾರರು ಇಡೀ ತಂಡವನ್ನು ನೋಡುತ್ತಾರೆ. ಒಂದು ಲಾಗವನ್ನು ಇಬ್ಬರು ಮಾಡಿದರೆ ದೊರೆಯುವ ಅಂಕ ಅಲ್ಪ. ತಂಡದ ಹೆಚ್ಚಿನವರು ಒಟ್ಟಾಗಿ ಮಾಡಿದಾಗಲೇ ಕ್ಲಿಷ್ಟತೆಯ ಅಂಕ ಪೂರ್ಣವಾಗಿ ಸಿಗುತ್ತದೆ. ಜೊತೆಗೆ, ಲಾಗ ಬಲ್ಲ ಮಗುವಿಗೆ ಮೇಲೆತ್ತುವ ಅಥವಾ ಹಿಡಿಯುವ ಅಭ್ಯಾಸ ಇಲ್ಲದಿರಬಹುದು. ಅಂತಹ ಮಗುವನ್ನು ಮಟ್ಟ 3ರ ಬೇಸ್ ಆಗಿ ನಿಲ್ಲಿಸಿದರೆ, ತಲೆಯ ಮೇಲೆ ಕೈ ಚಾಚಿದ ಎತ್ತರದಲ್ಲಿ ಒಂಟಿಕಾಲಿನಲ್ಲಿ ನಿಂತಿರುವ ಮತ್ತೊಂದು ಮಗುವಿನ ರಕ್ಷಣೆ ಅದರ ಕೈಯಲ್ಲಿರುತ್ತದೆ. ಕೈ ಜಾರಿದರೆ ಪೆಟ್ಟು ಬೀಳುವುದು ಬೇರೆಯವರ ಮಗುವಿಗೆ. ತನ್ನ ಮಗುವಿನ ಬಡ್ತಿಗಾಗಿ ಒತ್ತಾಯಿಸುವ ಮುನ್ನ ಇದನ್ನು ಆಲೋಚಿಸಬೇಕೆಂದು ಕೋರಲಾಗಿದೆ.

ತಂಡವು ತನ್ನ ಮಟ್ಟವನ್ನು ಮೀರಿದ ಸಾಹಸವನ್ನು ಸ್ಪರ್ಧೆಯಲ್ಲಿ ಮಾಡಿದರೆ ಅಂಕಗಳನ್ನು ಕಡಿತಗೊಳಿಸಲಾಗುತ್ತದೆ, ಅದು ಎಷ್ಟೇ ಅಚ್ಚುಕಟ್ಟಾಗಿದ್ದರೂ. ಮಟ್ಟ 2ನ್ನು ನಿರ್ದುಷ್ಟವಾಗಿ ಮಾಡುವ ತಂಡವು ಮಟ್ಟ 3ರಲ್ಲಿ ತಡವರಿಸುವ ತಂಡಕ್ಕಿಂತ ಹೆಚ್ಚು ಬಹುಮಾನಗಳನ್ನೂ ಪಡೆಯುತ್ತದೆ, ಕಡಿಮೆ ಗಾಯಗಳನ್ನೂ ಅನುಭವಿಸುತ್ತದೆ. ಲಾಗದಲ್ಲಿ ಹಿಂದುಳಿದು ಮೇಲೆತ್ತುವಿಕೆಯಲ್ಲಿ ಮುಂದಿರುವವರಿಗಾಗಿ ಲಾಗವಿಲ್ಲದ ಪ್ರತ್ಯೇಕ ವಿಭಾಗಗಳೂ ಇವೆ. ಒಂದೇ ಋತುವಿನಲ್ಲಿ ಎರಡು ತಂಡಗಳಲ್ಲಿ ಭಾಗವಹಿಸುವುದಕ್ಕೆ "ಕ್ರಾಸ್‌ಓವರ್" ಎನ್ನುತ್ತಾರೆ. ಇದಕ್ಕೆ ಮಿತಿಗಳಿವೆ, ಮತ್ತು ಇದರಿಂದ ಶುಲ್ಕವೂ ಆಯಾಸವೂ ಹೆಚ್ಚಾಗಬಹುದು.

ಶಾಲಾ ತಂಡಗಳಿಗೆ ಈ ಏಳು ಮಟ್ಟಗಳ ಏಣಿ ಅನ್ವಯಿಸುವುದಿಲ್ಲ. ಪ್ರೌಢಶಾಲಾ ತಂಡಗಳಿಗೆ ಪ್ರತ್ಯೇಕ ರಾಷ್ಟ್ರೀಯ ನಿಯಮಾವಳಿ ಇದ್ದು, ಇಬ್ಬರಿಗಿಂತ ಎತ್ತರದ ಗೋಪುರಗಳಿಗೆ ಅದರಲ್ಲಿ ಅವಕಾಶವಿಲ್ಲ. ಶಾಲೆಯ ಮುಖ್ಯ ತಂಡವನ್ನು "ವಾರ್ಸಿಟಿ" ಎಂದೂ ಕಿರಿಯರ ತಂಡವನ್ನು "ಜೂನಿಯರ್ ವಾರ್ಸಿಟಿ" ಎಂದೂ ಕರೆಯುತ್ತಾರೆ. ಈ "ಜೂನಿಯರ್" ಮೇಲೆ ತಿಳಿಸಿದ ವಯೋವಿಭಾಗವಲ್ಲ.

ಅರ್ಜಿ ಸಲ್ಲಿಸುವ ಮುನ್ನ

ಆಲ್ ಸ್ಟಾರ್ ತಂಡಗಳ ಆಯ್ಕೆಯು ಸಾಮಾನ್ಯವಾಗಿ ಮೇ ತಿಂಗಳ ಸುಮಾರಿಗೆ ನಡೆದು, ಸ್ಪರ್ಧೆಗಳು ಚಳಿಗಾಲದಲ್ಲಿ ಆರಂಭವಾಗಿ ಮುಂದಿನ ವಸಂತದವರೆಗೆ ಇರುತ್ತವೆ. ಸಹಿ ಮಾಡುವ ಒಪ್ಪಂದವು ಸುಮಾರು ಒಂದು ವರ್ಷದ್ದು. ನಡುವೆ ಊರಿಗೆ ಮರಳಬೇಕಾಗಿ ಬಂದರೆ ಶುಲ್ಕ ಹಿಂತಿರುಗಿಸಲಾಗುವುದೇ, ವೀಸಾ ಅವಧಿ ಋತುವಿನ ಕೊನೆಯವರೆಗೆ ಇದೆಯೇ, ಗಾಯವಾದರೆ ವಿಮೆಯು ಭರಿಸುವುದೇ ಎಂಬುದನ್ನು ಮೊದಲೇ ಲಿಖಿತವಾಗಿ ಕೇಳಿ ತಿಳಿಯತಕ್ಕದ್ದು. ಒಬ್ಬ ಸ್ಪರ್ಧಿ ತಂಡವನ್ನು ಬಿಟ್ಟುಹೋದರೆ ಒಂದು ಮೇಲೆತ್ತುವಿಕೆಯ ಗುಂಪೇ ನಿಂತುಹೋಗುತ್ತದೆ ಎಂಬುದೂ ಗಮನದಲ್ಲಿರಲಿ.

ವಯಸ್ಸಿನ ಪುರಾವೆಯಾಗಿ ಜನನ ಪ್ರಮಾಣಪತ್ರ ಅಥವಾ ಪಾಸ್‌ಪೋರ್ಟ್ ಕೇಳಲಾಗುತ್ತದೆ. ಕರ್ನಾಟಕದಲ್ಲಿ ಜನಿಸಿದ ಮಕ್ಕಳ ವಿಷಯದಲ್ಲಿ ಇಲ್ಲಿ ಒಂದು ಮಾತು ಹೇಳುವುದು ಅವಶ್ಯಕ. ಒಂದನೆಯ ತರಗತಿಗೆ ಸೇರಿಸುವ ಸಲುವಾಗಿ ಜನ್ಮದಿನಾಂಕವನ್ನು ಜೂನ್ 1 ಎಂದೋ ಅದರ ಆಸುಪಾಸಿನ ದಿನಾಂಕವೆಂದೋ ಶಾಲೆಯಲ್ಲಿ ಬರೆಸುವ ರೂಢಿ ನಮ್ಮಲ್ಲಿ ಬಹುಕಾಲ ಇದ್ದಿತು. ತಂದೆಯ ಜನ್ಮದಿನವೂ ದೊಡ್ಡಪ್ಪನ ಜನ್ಮದಿನವೂ ಜೂನ್ 1ಕ್ಕೇ ಬರುವ ಮನೆಗಳು ಕಡಿಮೆಯೇನಲ್ಲ. ಹಿರಿಯರ ಕಾಲಕ್ಕೆ ಅದು ನಡೆಯಿತು. ಮಗುವಿನ ಶಾಲಾ ದಾಖಲೆಯಲ್ಲಿ ಒಂದು ವರ್ಷ, ಪಾಸ್‌ಪೋರ್ಟ್‌ನಲ್ಲಿ ಇನ್ನೊಂದು ವರ್ಷ ಇದ್ದರೆ, ಜನ್ಮವರ್ಷವನ್ನೇ ಆಧರಿಸಿದ ಪಟ್ಟಿಯಲ್ಲಿ ಮಗು ತಪ್ಪು ವಿಭಾಗದಲ್ಲಿ ಸ್ಪರ್ಧಿಸಿದಂತಾಗಿ ಅದರೊಂದಿಗೆ ಇಡೀ ತಂಡದ ಫಲಿತಾಂಶಕ್ಕೂ ಧಕ್ಕೆ ಬರಬಹುದು.

ಜನನ ಪ್ರಮಾಣಪತ್ರದಲ್ಲಿ ಮಗುವಿನ ಹೆಸರು ನಮೂದಾಗದೆ ಖಾಲಿ ಉಳಿದಿರುವ ಪ್ರಕರಣಗಳೂ ಇವೆ. ಜನನವನ್ನು ನೋಂದಾಯಿಸಿದ ದಿನದಿಂದ 12 ತಿಂಗಳೊಳಗೆ ಹೆಸರನ್ನು ಶುಲ್ಕವಿಲ್ಲದೆ ಸೇರಿಸಬಹುದು. ನಂತರ 15 ವರ್ಷಗಳವರೆಗೆ ನಿಗದಿತ ವಿಳಂಬ ಶುಲ್ಕ ಪಾವತಿಸಿ ಸೇರಿಸಲು ಅವಕಾಶವಿದೆ. ತಪ್ಪು ನಮೂದುಗಳಿದ್ದಲ್ಲಿ ಜನನ ಮತ್ತು ಮರಣ ನೋಂದಣಿ ಅಧಿನಿಯಮ, 1969ರ 15ನೆಯ ಪ್ರಕರಣದ ಮೇರೆಗೆ, ಜನನವು ನೋಂದಣಿಯಾದ ಸ್ಥಳದ ನೋಂದಣಾಧಿಕಾರಿಗೆ ಸೂಕ್ತ ದಾಖಲೆಗಳೊಂದಿಗೆ ಅರ್ಜಿ ಸಲ್ಲಿಸಬೇಕು. 2023ರ ಅಕ್ಟೋಬರ್ 1ರಂದು ಅಥವಾ ತದನಂತರ ಜನಿಸಿದ ಮಕ್ಕಳಿಗೆ ಪಾಸ್‌ಪೋರ್ಟ್ ಪಡೆಯಲು ಜನ್ಮದಿನಾಂಕದ ಪುರಾವೆಯಾಗಿ ಜನನ ಪ್ರಮಾಣಪತ್ರವನ್ನಷ್ಟೇ ಪರಿಗಣಿಸಲಾಗುತ್ತದೆ. ವಿದೇಶದಲ್ಲಿದ್ದುಕೊಂಡು ಈ ತಿದ್ದುಪಡಿಗಳನ್ನು ಮಾಡಿಸುವುದು ಕಷ್ಟಸಾಧ್ಯವಾದ್ದರಿಂದ ಪ್ರಯಾಣಕ್ಕೆ ಮೊದಲೇ ಮೂಲ ಪ್ರಮಾಣಪತ್ರ, ಶಾಲಾ ವರ್ಗಾವಣೆ ಪತ್ರ ಮತ್ತು ಪಾಸ್‌ಪೋರ್ಟ್ ಈ ಮೂರನ್ನೂ ಪಕ್ಕಪಕ್ಕದಲ್ಲಿಟ್ಟು, ಹೆಸರಿನ ಅಕ್ಷರ ಹಾಗೂ ದಿನಾಂಕ ಹೊಂದಿಕೆಯಾಗುತ್ತವೆಯೇ ಎಂದು ಪರಿಶೀಲಿಸಿಕೊಳ್ಳತಕ್ಕದ್ದು.